ಹತ್ತನೆಯ ದಿನದ ನಾಯಿ

ಫೋಟೋ ತಂಗಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ದ್ವೇಷವೇನಲ್ಲ, ಬರೀ ಹೆದರಿಕೆ. ಎಲ್ಲೋ ಒಂದು ನಾಯಿ ಬೊಗಳಿದರೆ ಸಾಕು, ಅವಳ ಕೈಕಾಲು ತಣ್ಣಗಾಗಿ, ಬಾಯಿ ಒಣಗಿ, ಎರಡು ಹೆಜ್ಜೆಯ ದಾರಿ ಬಿಟ್ಟು ಊರೆಲ್ಲ ಸುತ್ತಿ ಮನೆ ಸೇರುತ್ತಿದ್ದಳು. ಇಂಥವಳಿಗೆ ಪಶು ಆಸ್ಪತ್ರೆಯಲ್ಲಿ ಸಿಕ್ಕ ಕೆಲಸ ಯಾವುದಪ್ಪಾ ಎಂದರೆ, ಲಸಿಕೆ ಹಾಕಿಸಿಕೊಂಡ ಬೀದಿನಾಯಿಗಳ ಫೋಟೋ ತೆಗೆದು ದಾಖಲೆಗೆ ಸೇರಿಸುವುದು. ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದವಳಿಗೆ ಬಂದದ್ದು ಇದೊಂದೇ ಕೆಲಸ. ಬೇಡ ಎನ್ನುವುದಕ್ಕೂ ಧೈರ್ಯ ಬೇಕು, ಅದೂ ಅವಳಲ್ಲಿರಲಿಲ್ಲ.

ಕ್ಯಾಮೆರಾ ಹಿಡಿಯಲು ಕಲಿಸಿದವನು ಬಲೆಯಣ್ಣ. ಇಪ್ಪತ್ತು ವರ್ಷದಿಂದ ಬಲೆ ಬೀಸಿ ನಾಯಿ ಹಿಡಿಯುತ್ತಿದ್ದವನು. ಊರಿನ ಒಂದೊಂದು ನಾಯಿಯ ಮುಖವೂ ಅವನಿಗೆ ಗೊತ್ತು, ಅವುಗಳ ಅಮ್ಮಂದಿರದ್ದೂ ಗೊತ್ತು.

"ಗುಂಡಿ ಅರ್ಧ ಒತ್ತು ತಂಗಿ. ಹಸಿರು ಚೌಕ ಬಂತಾ? ಅದು ನಾಯಿ ಕಣ್ಣಿನ ಮೇಲೆ ಕೂರಬೇಕು, ಬಾಲದ ಮೇಲಲ್ಲ. ಕೂತ ಮೇಲೆ ಪೂರ್ತಿ ಒತ್ತು."

"ಅದು ಓಡ್ತಾ ಇದ್ರೆ ಅಣ್ಣ?"

"ಶಟರ್ ಚುರುಕು ಮಾಡು. ಬೆಳಕು ಸಾಲದಿದ್ರೆ ಐಎಸ್‌ಒ ಏರಿಸು, ಫೋಟೋ ಸ್ವಲ್ಪ ರವೆ ರವೆ ಆಗುತ್ತೆ, ಆಗಲಿ ಬಿಡು. ಸೂರ್ಯ ನಿನ್ನ ಬೆನ್ನಿಗಿರಲಿ. ಮತ್ತೆ ಆ ಜೂಮ್ ಎಳೆದಷ್ಟೂ ನಿನ್ನ ಕೈ ನಡುಕಾನೂ ದೊಡ್ಡದಾಗುತ್ತೆ. ಹತ್ತಿರ ಹೋಗು."

"ಹೋಗ್ತೀನಿ ಅಣ್ಣ" ಎನ್ನುತ್ತಿದ್ದಳು, ಹೋಗುತ್ತಿರಲಿಲ್ಲ. ಮೊದಲ ವಾರ ಅವಳು ತಂದ ಫೋಟೋಗಳಲ್ಲಿ ಆಕಾಶವಿತ್ತು, ಗೋಡೆಯಿತ್ತು, ಅವಳದೇ ಚಪ್ಪಲಿಯಿತ್ತು. ನಾಯಿ ಮಾತ್ರ ಮೂಲೆಯಲ್ಲಿ ಮಸಿಯ ಕಲೆಯಂತೆ ಕಾಣುತ್ತಿತ್ತು. ಬಲೆಯಣ್ಣ ನಕ್ಕು ನಕ್ಕು ಸುಸ್ತಾಗಿ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದ. ಅವನು ಪಕ್ಕದಲ್ಲಿದ್ದರೆ ಅವಳ ಎದೆಬಡಿತ ತುಸು ಹತೋಟಿಯಲ್ಲಿರುತ್ತಿತ್ತು.

ಆ ಬಲೆಯಣ್ಣನನ್ನೇ ನಾಯಿ ಕಚ್ಚಿತು. ಸಿಮೆಂಟ್ ಪೈಪಿನ ಗೋದಾಮಿನ ಮುಂದೆ, ಲಸಿಕೆ ಹಾಕುವ ಮೊದಲೇ, ಬಲೆಗೆ ಸಿಕ್ಕಿದ ಅದರ ಕಾಲು ಬಿಡಿಸುತ್ತಿದ್ದಾಗ, ಮಣಿಕಟ್ಟಿಗೇ ಹಲ್ಲು ಇಳಿಸಿ ತಪ್ಪಿಸಿಕೊಂಡಿತು. ಕಂದು ಬಣ್ಣದ ನಾಯಿ, ಮೂತಿಯ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ. ಅವನು ಸೋಪು ಹಾಕಿ ಕೈ ತೊಳೆದ, ಆ ಗಳಿಗೆಯಲ್ಲೇ ಹೋಗಿ ಸೂಜಿ ಹಾಕಿಸಿಕೊಂಡ. ಡಾಕ್ಟರು ಉಳಿದ ಸೂಜಿಗಳನ್ನು ತಪ್ಪಿಸಬೇಡಿ ಎಂದರು. ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ, ಹತ್ತನೆಯ ದಿನವೂ ಅದು ನೆಟ್ಟಗಿದ್ದರೆ ಹುಚ್ಚಿನ ಭಯವಿಲ್ಲ ಎಂದರು.

ಸಂಜೆ ಅವನು ಫೋಟೋ ತಂಗಿಯನ್ನು ಆಸ್ಪತ್ರೆಯ ಔಷಧಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ.

"ನನಗೆ ಆ ನಾಯೀನ ಹೋಗಿ ನೋಡೋಕಾಗಲ್ಲ ತಂಗಿ. ದಿನಾ ಒಂದು ಫೋಟೋ ತಂದು ತೋರಿಸು."

"ನಾನಾ? ಒಬ್ಬಳೇನಾ?"

"ನಮ್ಮ ದೊಡ್ಡಣ್ಣ ಹೋಗಿದ್ದು ಹಿಂಗೇ. ನನಗಾಗ ಏಳು ವರ್ಷ. ಕಿಟಕೀಲಿ ನೋಡಿದೀನಿ, ಒಂದು ಗುಟುಕು ನೀರೂ ಇಳೀತಿರಲಿಲ್ಲ."

ಅವನ ದನಿ ನಡುಗುತ್ತಿತ್ತು. ಹೆದರಬೇಡ ಎನ್ನುತ್ತಿದ್ದವನೇ ಹೆದರಿ ಕೂತರೆ ಇನ್ನು ಯಾರ ಮುಖ ನೋಡುವುದು?

ಹೋದಳು. ಜೀವ ಕೈಯಲ್ಲಿ ಹಿಡಿದುಕೊಂಡು ದಿನಾ ಬೆಳಿಗ್ಗೆ ಹೋದಳು. ಗೋದಾಮಿನ ಎದುರು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಮೊಣಕೈಗಳನ್ನು ಮಂಡಿಗೆ ಊರಿ, ಜೂಮನ್ನು ಕೊನೆಯವರೆಗೆ ಎಳೆದು, ರಸ್ತೆಯಾಚೆ ಮಲಗಿದ ಕಂದು ನಾಯಿಯನ್ನು ಹಿಡಿಯುತ್ತಿದ್ದಳು. ಒಂದೇ ಫೋಟೋ, ಆಮೇಲೆ ಓಟ. ಬಲೆಯಣ್ಣ ಕ್ಯಾಮೆರಾದ ಪರದೆಯತ್ತ ಕಣ್ಣು ಹಾಯಿಸಿ "ಸರಿ" ಎಂದು ತಲೆಯಾಡಿಸುತ್ತಿದ್ದ. ಒಂಬತ್ತು ದಿನ ಹಾಗೆಯೇ ಕಳೆಯಿತು.

ಹತ್ತನೆಯ ದಿನ ನಾಯಿ ಎದ್ದು ರಸ್ತೆ ದಾಟಿ ಅವಳತ್ತಲೇ ಬಂತು.

ಅವಳು ಕೂತಲ್ಲೇ ಹಿಂದಕ್ಕೆ ಸರಿದಳು. ಬೆನ್ನಿಗೆ ಅಂಗಡಿಯ ತಗಡಿನ ಬಾಗಿಲು ತಾಗಿ ಗಡಗಡ ಸದ್ದಾಯಿತು. ನಾಯಿ ಮೆಟ್ಟಿಲ ಕೆಳಗೆ ನಿಂತು ಅವಳ ಚಪ್ಪಲಿ ಮೂಸಿತು. ಅವಳ ಬೆರಳು ತನ್ನಷ್ಟಕ್ಕೆ ಗುಂಡಿಯನ್ನು ಅರ್ಧ ಒತ್ತಿತು, ಹಸಿರು ಚೌಕ ಕಣ್ಣಿನ ಮೇಲೆ ಕೂತಿತು, ಪೂರ್ತಿ ಒತ್ತಿದಳು. ಅಷ್ಟು ಹತ್ತಿರದಿಂದ ಅವಳು ತೆಗೆದ ಮೊದಲ ಫೋಟೋ ಅದು. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಮೂತಿಯ ಮೇಲೆ ಗೆರೆ ಇರಲಿಲ್ಲ.

ಹಿಂದಿನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ನಾಲ್ಕನೆಯ ದಿನದವರೆಗೆ ಮಸುಕು ಮಸುಕಾಗಿ ಗೆರೆ ಇತ್ತು. ಐದನೆಯ ದಿನದಿಂದ ಇಲ್ಲ. ಅದೇ ಬಣ್ಣ, ಅದೇ ಎತ್ತರ, ಬಹುಶಃ ಒಂದೇ ತಾಯಿಯ ಮಕ್ಕಳು. ಕಚ್ಚಿದ ನಾಯಿಯನ್ನು ಆರು ದಿನದಿಂದ ಅವಳು ನೋಡಿಯೇ ಇರಲಿಲ್ಲ. ಅದು ಸತ್ತೇ ಹೋಗಿದ್ದರೆ?

ಈ ಫೋಟೋವನ್ನೇ ತೋರಿಸಿಬಿಟ್ಟರೆ ಮುಗಿಯಿತು, ಅಣ್ಣ ನೆಮ್ಮದಿಯಾಗಿ ಉಂಡು ಮಲಗುತ್ತಾನೆ ಎಂಬ ಯೋಚನೆ ಬಂತು. ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ನೆಟ್ಟಗೆ ಆಸ್ಪತ್ರೆಗೆ ಹೋಗಿ, ಬಲೆ ಹೊಲಿಯುತ್ತ ಕೂತಿದ್ದವನ ಮುಂದೆ ನಿಂತಳು.

"ಅಣ್ಣ, ತಪ್ಪಾಗಿಹೋಯ್ತು. ಐದನೇ ದಿನದಿಂದ ನಾನು ತೋರಿಸಿದ್ದು ಬೇರೆ ನಾಯಿ."

ಅವನು ತಲೆಯೆತ್ತಲಿಲ್ಲ. "ಗೊತ್ತು" ಎಂದ.

"ಗೊತ್ತಾ?"

"ಇಪ್ಪತ್ತು ವರ್ಷ ನಾಯಿ ಹಿಡಿದವನಿಗೆ ಗೊತ್ತಾಗಲ್ವಾ? ಐದನೇ ದಿನಾನೇ ಗೊತ್ತಾಯ್ತು. ಹೌದು ಅದೇ ನಾಯಿ, ಅದೇ ನಾಯಿ ಅಂತ ನನಗೆ ನಾನೇ ಹೇಳ್ಕೊಂಡೆ. ಬೆಳಿಗ್ಗೆ ಎದ್ದು ಒಂದು ಲೋಟ ನೀರು ಕುಡಿದು, ಗಂಟಲಲ್ಲಿ ಇಳೀತಾ ಅಂತ ನೋಡ್ತೀನಿ ತಂಗಿ. ದಿನಾ. ಹೆಂಡತಿಗೂ ಹೇಳಿಲ್ಲ."

ಅವಳು ಅವನ ಕೈಯಿಂದ ಬಲೆ ಬಿಡಿಸಿ ಕೆಳಗಿಟ್ಟಳು. "ಏಳಿ, ಹುಡುಕೋಣ" ಎಂದಳು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ದಿಗಿಲಾಯಿತು.

ಗೋದಾಮಿನ ಕಾವಲುಗಾರ ಬೇಲಿಯ ಕಿಂಡಿ ತೋರಿಸಿದ. ಆರು ದಿನದ ಹಿಂದೆ ತಂತಿ ಸುತ್ತಿ ಅದನ್ನು ಮುಚ್ಚಿದ್ದನಂತೆ. ಆಮೇಲೆ ನೋಡಿದರೆ ಒಳಗೊಂದು ನಾಯಿ ಸಿಕ್ಕಿಕೊಂಡಿದೆ.

"ಊಟದಲ್ಲಿ ಮಿಕ್ಕಿದ್ದು ಎಸೀತಿದ್ದೆ. ನಿನ್ನೆ ಎಸೆದಿದ್ದು ಹಂಗೇ ಬಿದ್ದಿದೆ" ಎಂದ. "ಹತ್ತಿರ ಹೋದ್ರೆ ಗುರ್ ಅನ್ನುತ್ತೆ, ನಾನು ಹೋಗಲ್ಲಪ್ಪ."

ಬಲೆಯಣ್ಣ ಗೇಟಿನ ಸರಳು ಹಿಡಿದು ನಿಂತ. ಒಂದು ಹೆಜ್ಜೆ ಇಟ್ಟ, ಹಿಂದಕ್ಕೆ ತೆಗೆದ. ಅವಳು ಅವನನ್ನು ಕಾಯಲಿಲ್ಲ. ಕಾದರೆ ತಾನೂ ಹೋಗಲಾರೆ ಎಂದು ಗೊತ್ತಿತ್ತು.

ಆಳೆತ್ತರದ ಪೈಪುಗಳ ನಡುವೆ ಹಗಲಿನಲ್ಲೂ ಮಬ್ಬು. ಐಎಸ್‌ಒ ಏರಿಸಿದಳು, ಬೆರಳು ಎರಡು ಸಲ ಜಾರಿತು. ಅಡ್ಡಕ್ಕೆ ಪೈಪುಗಳಿದ್ದುದರಿಂದ ಜೂಮ್ ಕೆಲಸಕ್ಕೆ ಬರುತ್ತಿರಲಿಲ್ಲ, ನಡೆದೇ ಹೋಗಬೇಕಿತ್ತು. ಎಲ್ಲೋ ಗುರ್ ಎಂದಿತು. ಅವಳಿಗೆ ಅಳು ಬಂತು, ಅಳುತ್ತಲೇ ನಡೆದಳು. ಸಾಲು ತಿರುಗಿದಾಗ ಒಂದು ಸಣ್ಣ ಸದ್ದು ಕೇಳಿತು, ಚಪ್ ಚಪ್ ಚಪ್. ಒಡೆದ ಪೈಪಿನಲ್ಲಿ ನಿಂತ ಮಳೆನೀರಿಗೆ ಮೂತಿ ಇಳಿಸಿ ನಾಯಿ ನೀರು ಕುಡಿಯುತ್ತಿತ್ತು. ಪಕ್ಕೆಲುಬು ಎಣಿಸುವಂತಿತ್ತು. ಅವಳನ್ನು ಕಂಡು ತಲೆಯೆತ್ತಿ ಹಲ್ಲು ತೋರಿಸಿತು. ಮೂತಿಯ ಮೇಲೆ ಗೆರೆ ಇತ್ತು. ಅವಳು ಉಸಿರು ಬಿಗಿಹಿಡಿದು ನಿಂತಳು. ನಾಯಿ ಅವಳನ್ನೇ ನೋಡಿ, ನೋಡಿ, ಮತ್ತೆ ನೀರಿಗೆ ಬಾಗಿತು. ಆಗ ಒತ್ತಿದಳು.

ಬೆನ್ನು ತಿರುಗಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಗೇಟು ಮುಟ್ಟಿದಳು. ಕ್ಯಾಮೆರಾ ಚಾಚಿದರೆ ಬಲೆಯಣ್ಣ ಕಣ್ಣು ಮುಚ್ಚಿಕೊಂಡ.

"ನಾನು ನೋಡಲ್ಲ. ನೀನೇ ಹೇಳು."

"ಅದೇ ನಾಯಿ ಅಣ್ಣ. ನೀರು ಕುಡೀತಿದೆ."

ಬಲೆಯಣ್ಣ ಗೇಟಿಗೆ ಒರಗಿದ್ದ ಹಾಗೆಯೇ ಜಾರಿ ನೆಲದ ಮೇಲೆ ಕೂತ. ಕಚ್ಚಿಸಿಕೊಂಡ ಕೈಯಲ್ಲೇ ಮುಖ ಮುಚ್ಚಿಕೊಂಡ.

"ಇನ್ನೊಂದ್ಸಲ ಹೇಳು" ಎಂದ.

ಅವಳು ಪಕ್ಕದಲ್ಲಿ ಕೂತು ಹೇಳಿದಳು. ಅವನು ಮತ್ತೆ ಕೇಳಿದ, ಮತ್ತೆ ಹೇಳಿದಳು. ಅವನು ಸಾಕು ಎನ್ನುವವರೆಗೂ ಹೇಳುತ್ತಲೇ ಇದ್ದಳು.