ಸೇವಂತಿಗೆ ಪಾತಿಯಲ್ಲಿ ಒಂದಾಳುದ್ದ ಜಾಗ

ಬೀದಿಯಲ್ಲಿ ಎಲ್ಲರ ಮನೆ ಸೇವಂತಿಗೆಯೂ ಮೊಗ್ಗು ಬಿಟ್ಟಿದೆ, ನಿಮ್ಮದು ಮಾತ್ರ ಬರೀ ಎಲೆ. ಹೀಗಾಗಿದೆಯೇ? ಹಾಗಾದರೆ ಬಟ್ಟೆ ಹೊಲಿಯುವ ನಮ್ಮ ಪಕ್ಕದ ಮನೆಯವಳ ಕಥೆ ಕೇಳಿ.

ಅವಳ ಅಂಗಳದ ಪಾತಿಯಲ್ಲಿ ಎರಡೂ ಕೊನೆಗೆ ಮೊಗ್ಗು ತುಂಬಿತ್ತು. ನಡುವೆ ಒಂದಾಳುದ್ದ ಜಾಗದಲ್ಲಿ ಮಾತ್ರ ಒಂದೂ ಇರಲಿಲ್ಲ. ಹೋದ ಚಳಿಗಾಲದ ಕೊನೆಗೆ ಅವಳ ಮಾವ ಗಿಡಕ್ಕೆ ನೀರು ಹಾಕುತ್ತಾ ಕುಸಿದು ಬಿದ್ದು ಪ್ರಾಣ ಬಿಟ್ಟದ್ದು ಅಲ್ಲೇ.

ಗಾಳಿ ಇಲ್ಲದಾಗಲೂ ಆ ಜಾಗದ ಎಲೆಗಳು ಅಲುಗುತ್ತವೆ ಎನ್ನುತ್ತಿದ್ದರು ಅತ್ತೆ. ನಗಬೇಡಿ. ಸಂಜೆಯಾದರೆ ಸೊಸೆಗೂ ಆ ಕಡೆ ಹೋಗಲು ಕಾಲು ಬರುತ್ತಿರಲಿಲ್ಲ.

"ಅವರಿಗೆ ನನ್ನ ಮೇಲೆ ಸಿಟ್ಟು ಕಣೇ. ಅವತ್ತು ಕೂಗಿದ್ದು ನನಗೆ ಕೇಳಿಸ್ಲೇ ಇಲ್ವಲ್ಲ. ಆ ಪಾತಿ ಕಿತ್ತು ಹಾಕ್ಸು, ನನ್ನ ಕೈಲಿ ನೋಡೋಕಾಗಲ್ಲ," ಎಂದರು ಅತ್ತೆ.

ಮಾವನ ಗುರುತೆಂದು ಉಳಿದದ್ದು ಅದೊಂದೇ. ಕೀಳಿಸಲು ಸೊಸೆಗೆ ಮನಸ್ಸಾಗಲಿಲ್ಲ. ಸಸಿ ಮಾರುವ ಗಿಡದಕ್ಕನನ್ನು ಕರೆತಂದಳು.

ಗಿಡದಕ್ಕ ಎಲೆ ಮಗುಚಿ ನೋಡಿದಳು, ಬುಡ ಕೆದಕಿದಳು. "ಹುಳ ಇಲ್ಲ, ರೋಗ ಇಲ್ಲ," ಎಂದು ಪಾತಿಯೆದುರಿನ ಕಿಟಕಿಯಲ್ಲಿ ಉರಿಯುತ್ತಿದ್ದ ದೀಪದತ್ತ ತಿರುಗಿದಳು. "ಅಮ್ಮಾ, ಈ ದೀಪ ರಾತ್ರಿ ಆರಿಸಲ್ವಾ?"

"ಹೇಗೆ ಆರಿಸ್ಲಿ? ಅವರು ಹೋದಾಗಿಂದ ಉರೀತಾನೇ ಇದೆ. ಕತ್ತಲಲ್ಲಿ ಬಂದ್ರೆ ಬಾಗಿಲು ಕಾಣ್ಬೇಕಲ್ಲ," ಎಂದರು ಅತ್ತೆ.

ಆಗಲೇ ಮಬ್ಬುಗತ್ತಲೆ ಕವಿಯುತ್ತಿತ್ತು. ಕಿಟಕಿಯ ಬೆಳಕು ಪಾತಿಯ ನಡುವೆ ಯಾರೋ ಮಲಗಿದಂತೆ ಉದ್ದಕ್ಕೆ ಬಿದ್ದಿತ್ತು. ಸೊಸೆಯದು ಅಳತೆಯಲ್ಲಿ ಪಳಗಿದ ಕಣ್ಣು. ಬೆಳಕು ಬಿದ್ದಷ್ಟೇ ಜಾಗದಲ್ಲಿ ಮೊಗ್ಗಿರಲಿಲ್ಲ.

"ಸೇವಂತಿಗೆಗೆ ಉದ್ದನೆ ರಾತ್ರಿ ಬೇಕಮ್ಮ," ಎಂದಳು ಗಿಡದಕ್ಕ. "ಚಳಿಗಾಲ ಹತ್ರ ಬಂದು ಕತ್ತಲೆ ಜಾಸ್ತಿ ಆದ್ರೇನೇ ಮೊಗ್ಗು. ರಾತ್ರಿಯೆಲ್ಲಾ ದೀಪ ಉರಿದ್ರೆ, ಇನ್ನೂ ಬೇಸಿಗೆ ಅಂದ್ಕೊಂಡು ಎಲೆ ಬಿಡ್ತಾ ಕೂರುತ್ತೆ."

"ಹಾಗಂತ ಅವರನ್ನ ಕತ್ತಲಲ್ಲಿ ನಿಲ್ಲಿಸ್ಲಾ?"

"ಈ ಬಾಗಿಲು ಕೂರಿಸ್ದೋರು ಅವರೇ ಅಲ್ವಾ? ದಾರಿ ತಪ್ತಾರಾ?" ಎಂದಳು ಸೊಸೆ.

ಅತ್ತೆ ದೀಪ ಆರಿಸಿದರು. ಮೊದಮೊದಲು ಕತ್ತಲಲ್ಲಿ ಕಿಟಕಿಗೆ ಕಿವಿಗೊಟ್ಟು ಕೂತಿರುತ್ತಿದ್ದರು. ಕೆಲವು ವಾರ ಕಳೆದ ಮೇಲೆ ನಡುವಿನ ಗಿಡಗಳೂ ಮೊಗ್ಗು ಬಿಟ್ಟವು. ತಡವಾಗಿಯಾದರೂ ಮೈತುಂಬ ಹೂವಾಯಿತು.

ಅತ್ತೆ ಪಾತಿಯ ಪಕ್ಕ ಕೂತು ಹೂಗಳನ್ನು ಸವರಿದರು. "ದೀಪ ಇಟ್ಟು ನಾನೇ ತಡೆದಿದ್ದೆ ಕಣೇ. ಕತ್ತಲಾದ್ಮೇಲೇ ಬಂದ್ರು ನೋಡು."

ಗಾಳಿ ಇರಲಿಲ್ಲ, ಎಲೆಗಳು ಮೆಲ್ಲಗೆ ಅಲುಗುತ್ತಿದ್ದವು.

ನೀವೂ ಸೇವಂತಿಗೆ ಹಾಕಿ. ಚಳಿ ಬಲಿಯುವ ಮೊದಲೇ ಬೇರೂರುವಂತೆ ನೆಡಿ, ನೀರು ನಿಲ್ಲಲು ಬಿಡಬೇಡಿ. ಹೂ ಮುಗಿದ ಮೇಲೆ ಒಣಗಿದ ಕಡ್ಡಿಗಳನ್ನು ಹೊಸ ಚಿಗುರು ಬರುವವರೆಗೆ ಕತ್ತರಿಸಬೇಡಿ. ಬುಡಕ್ಕೆ ತರಗೆಲೆ ಹೊದಿಸಿ. ಗಿಡ ಸತ್ತಂತೆ ಕಾಣುತ್ತದೆ, ಆದರೆ ಕೆಳಗೆ ಬೇರು ಎಚ್ಚರವಾಗಿರುತ್ತದೆ. ಇವತ್ತು ಮಲಗುವ ಮುಂಚೆ ಪಾತಿಯ ಮೇಲಿನ ದೀಪ ಆರಿಸಿ. ಬರುವುದು ಬರಲಿ.