ಹನುಮಯ್ಯ ಸಾರ್ ದನಿ

ಮುನಿರತ್ನ ಕೃಷ್ಣಗಿರಿಯ ಕಾಲೇಜು ಬಿಟ್ಟು ನಮ್ಮ ಹೊಸೂರಿನ ಕಾಲೇಜಿಗೆ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಎರಡನೇ ವರ್ಷದ ನಡುವೆ. ಅಲ್ಲಿ ಅವನು ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಚೆಂಡು ಹಂಚುವ ಗಾರ್ಡ್. ಇಲ್ಲಿ ಗಾರ್ಡ್ ನಾನು.

"ಟ್ರಾನ್ಸ್‌ಫರ್ ಆಗಿ ಬಂದೋನು ಟ್ರಾನ್ಸ್‌ಫಾರ್ಮರ್ ಕಣ್ರಲಾ, ಹತ್ರ ಹೋದ್ರೆ ಶಾಕ್ ಹೊಡೀತಾನೆ" ಎಂದು ಮೊದಲ ದಿನವೇ ಹೆಸರಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಪ್ರಿನ್ಸಿಪಾಲರು ಷರತ್ತು ಹಾಕಿದ್ದರು. ಒಂದು ವಾರ ಆಡಲಿ. ಟೀಮಿಗೆ ಒಗ್ಗುತ್ತಾನೆಂದು ಪಿ.ಟಿ. ಮಾಸ್ಟರ್ ಹನುಮಯ್ಯ ಬರೆದುಕೊಟ್ಟರೆ ಸೀಟು, ಇಲ್ಲದಿದ್ದರೆ ವಾಪಸ್ ಕೃಷ್ಣಗಿರಿಯ ಹಾಸ್ಟೆಲ್ಲು.

"ಹಾಸ್ಟ್ಲಲ್ಲಿ ಊಟ ಸರಿ ಇರ್ಲಿಲ್ವೇನ್ಲಾ?" ಎಂದು ಕೇಳಿದೆ.

"ಊಟಕ್ಕಲ್ಲ ಕಣ್ಲಾ ರವಿ. ನಮ್ಮಮ್ಮಂಗೆ ಫಿಟ್ಸ್ ಬತ್ತದೆ. ರಾತ್ರಿ ಮನೇಲಿ ಯಾರಾನ ಇರ್ಬೇಕು. ಈ ಕಾಲೇಜಾದ್ರೆ ಸಾಯಂಕಾಲ ಬಸ್ ಹತ್ತಿದ್ರೆ ನಮ್ಮೂರು ಬೇರಿಕೆ."

ಹನುಮಯ್ಯ ಸಾರ್ ಮೊದಲು ಫ್ಯಾಕ್ಟರಿಯೊಂದರ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದು ಅಲ್ಲಿನ ಟೀಮಿಗೆ ಆಡಿದವರು. ಯಂತ್ರಗಳ ಸದ್ದು ಅವರ ಕಿವಿಯನ್ನು ಮುಕ್ಕಾಲು ಪಾಲು ತಿಂದುಹಾಕಿ, ದನಿಯನ್ನು ಮಾತ್ರ ಸೈರನ್ನಿನಂತೆ ಬೆಳೆಸಿತ್ತು. ತಮಿಳು ಹುಡುಗರ ಎದುರು ಆಡುವಾಗ ಕನ್ನಡದಲ್ಲಿ ಕೂಗುವರು, ಕನ್ನಡದವರ ಎದುರು ತಮಿಳಿನಲ್ಲಿ. ಪಾಠ ಒಂದೇ: "ನನ್ ದನಿ ಕೇಳ್ತಾ, ಚೆಂಡ್ ಬಿಟ್ಬುಡ್ಬೇಕು. ತಿರುಗಿ ನೋಡೋನು ಗಾರ್ಡಲ್ಲ, ವಾಚ್‌ಮನ್ನು!"

ಆ ದನಿಯನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಕ್ಯಾಂಟೀನಿನ ಹಿಂದೆ ಸಿಗರೇಟು ಸೇದುವವರು ಗೋಡೆ ಹಾರುತ್ತಿದ್ದರು.

ಮುನಿರತ್ನ ಮೂರೇ ದಿನದಲ್ಲಿ ಆ ಪಾಠ ಕಲಿತ. ಸಾರ್ "ಬಲಕ್ಕೆ" ಎನ್ನುವಷ್ಟರಲ್ಲಿ ಚೆಂಡು ಬಲಗಡೆಯವನ ಎದೆಯ ಮುಂದಿರುತ್ತಿತ್ತು. ಒಂದೂವರೆ ವರ್ಷವಾದರೂ ನಾನು ಒಮ್ಮೆ ತಿರುಗಿ ನೋಡಿಯೇ ಬಿಡುತ್ತಿದ್ದೆ.

ಶನಿವಾರ ಕೊನೆಯ ಆಟ. ನಮ್ಮ ನಮ್ಮಲ್ಲೇ ಎರಡು ಪಾರ್ಟಿ. ನಾನು ಅವನ ಎದುರು ಪಾರ್ಟಿಯಲ್ಲಿ. ಸಾರ್ ಗೆರೆಯಾಚೆ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಮುನಿರತ್ನನ ಕೈಗೆ ಚೆಂಡು ಬಂತು. ಅವನ ಬೆನ್ನ ಹಿಂದಿದ್ದ ನನ್ನ ನಾಲಿಗೆ ತುರಿಸಿತು. ಸಾರ್ ದನಿಯಲ್ಲಿ ಕೂಗಿದೆ:

"ಎಡಕ್ ಬಿಡ್ಲಾ, ಮುನಿರತ್ನಾ!"

ಚೆಂಡು ಎಡಕ್ಕೆ ಹೋಯಿತು. ಎಡಗಡೆ ಯಾರೂ ಇರಲಿಲ್ಲ. ಅದು ಗೆರೆ ದಾಟಿ ಪಾರ್ಥೇನಿಯಂ ಗಿಡಗಳೊಳಗೆ ಬಿತ್ತು. ಹುಡುಗರು ಹೊಟ್ಟೆ ಹಿಡಿದು ನಕ್ಕರು. ನಗು ಕೇಳಿದ ಮೇಲೆ ನನಗೆ ತಡೆಯಲಾಗುವುದಿಲ್ಲ. ಚೆಂಡು ಮತ್ತೆ ಅವನ ಕೈಗೆ ಬಂದಾಗ ಇನ್ನೊಂದು ಸಲ ಕೂಗಿದೆ. ಆಗಲೂ ಅವನು ತಿರುಗಿ ನೋಡದೆ ಚೆಂಡು ಬಿಟ್ಟ.

ಸಾರ್ ವಿಷಲ್ ಊದಿದರು. "ಯಾರೂ ಇಲ್ದಿರೋ ಕಡೆ ಯಾಕ್ಲಾ ಬಿಟ್ಟೆ?"

"ನೀವೇ ಕೂಗಿದ್ರಲ್ಲ ಸಾರ್."

"ನಾನಾ? ಬಾಯೇ ತೆಗ್ದಿಲ್ಲ ಕಣ್ಲಾ! ಆಟ ತಪ್ಪಿದ್ರೆ ತಿದ್ಬೋದು. ಸುಳ್ ಹೇಳೋನ್ನ ತಿದ್ದಕ್ಕಾಗಲ್ಲ. ನಿಂಗೆ ಬರ್ದುಕೊಡಲ್ಲ, ಹೋಗು."

ಈಗ ಯಾರೂ ನಗಲಿಲ್ಲ. ಮುನಿರತ್ನ ನನ್ನ ಕಡೆ ನೋಡಿದ. ಅವನಿಗೆ ತಿಳಿಯಿತು. ನಾನು ಬಗ್ಗಿ ಷೂ ಲೇಸು ಕಟ್ಟತೊಡಗಿದೆ, ಅದು ಬಿಚ್ಚಿರಲಿಲ್ಲ.

ಆಮೇಲೆ ಸಾರ್ ಕೋಣೆಯ ಬಾಗಿಲವರೆಗೂ ಹೋದೆ. ನಿಜ ಹೇಳಿದರೆ ಗಾರ್ಡಿನ ಜಾಗ ಅವನದು. ಬಾಗಿಲಿಂದಲೇ ಹಿಂದಿರುಗಿದೆ.

ಬಸ್ ಸ್ಟ್ಯಾಂಡಿನಲ್ಲಿ ಮುನಿರತ್ನ ಕಾಯಿನ್ ಫೋನಿನ ಹತ್ತಿರ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ.

"ಸಾರ್‌ಗೆ ಹೇಳಿದ್ಯಾ?"

"ಇಲ್ಲ."

"ಗೊತ್ತಿತ್ತು ಬಿಡು. ಒಂದ್ ಕೆಲ್ಸ ಮಾಡು. ನಮ್ಮಮ್ಮ ಪಕ್ಕದಂಗ್ಡೀಲಿ ಫೋನಿಗೆ ಕಾಯ್ತಾ ಅವ್ಳೆ. ಸಾರ್ ದನೀಲಿ ಹೇಳು, ನಾನು ಚೆನ್ನಾಗೇ ಆಡ್ದೆ, ಜಾಗ ಇಲ್ಲ ಅಂತ. ಮಗ ಸುಳ್ ಹೇಳಿ ಸಿಕ್ಕಾಕ್ಕೊಂಡ ಅಂತ ಯಾರಾನ ಅವಳ ಕಿವೀಗೆ ಹಾಕೋದು ಬ್ಯಾಡ."

ನಂಬರು ಒತ್ತಿ, ಅಮ್ಮನ ಹೆಸರು ಹೇಳಿ, ರಿಸೀವರನ್ನು ನನ್ನ ಕೈಗಿಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

"ಅಂಜಿನಮ್ಮನೋರಾ? ನಾನು ಹನುಮಯ್ಯ, ಪಿ.ಟಿ. ಮಾಸ್ಟ್ರು. ನಿಮ್ಮ ಹುಡುಗ ಬಾಳ ಚೆನ್ನಾಗ್ ಆಡ್ತಾನಮ್ಮ. ಜಾಗ ಇಲ್ಲ, ಅಷ್ಟೇಯ."

ಆ ಕಡೆಯಿಂದ ಅವನ ಅಮ್ಮನ ದನಿ ಬಂತು.

"ಆಗ್ಲಿ ಬಿಡಿ ಸಾರ್. ನನ್ ಸಲ್ವಾಗಿ ಬೋ ಆಸೆ ಮಡಿಕ್ಕೊಂಡಿದ್ದ. ಆ ಜಾಗದಾಗೆ ಇರೋ ಹುಡುಗ ಇವನಿಗಿಂತ ಚೆನ್ನಾಗ್ ಆಡ್ತಾನಾ ಸಾರ್?"

ಹೊತ್ತು ಮುಗಿಯಿತೆಂದು ಫೋನು ಕೀಂಯ್ ಎಂದಿತು. ನಾನು ಬಾಯಿ ತೆರೆದೆ. ಸಾರ್ ದನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ. ಮುನಿರತ್ನ ಜೇಬಿನಿಂದ ಇನ್ನೊಂದು ರೂಪಾಯಿ ತೆಗೆದು ಹಾಕಿದ.