ಹಸಿ ಹಲಸಿನ ಬಾಗಿಲು

ಭಟ್ಕಳದ ಸಂತೆಯಲ್ಲಿ ಬಸಳೆ, ಬದನೆ ಮಾರಿ ತನ್ನೂರು ಬೆಳಕೆಗೆ ಬಂದಿಳಿದ ಸೋಮಿಗೆ ಹಿತ್ತಲಲ್ಲಿ ಕಂಡದ್ದು ಬರೀ ಆಕಾಶ. ಅವಳ ಪಾಲಿಗೆ ಬಂದಿದ್ದ ಹಲಸಿನ ಮರವನ್ನು ತಮ್ಮ ಲೋಕೇಶ ಕೇಳದೆ ಕೆಡವಿದ್ದ. ಹೊಸ ಮನೆಗೆ ಹೆಬ್ಬಾಗಿಲು ಬೇಕಂತೆ.

"ಕೇಳೂಕೆ ಬಾಯಿರ್ಲಿಲ್ವಾ ನಿಂಗೆ?"

"ಕೇಳಿದ್ರೆ ನೀ ಕೊಡ್ತೇ ಇದ್ದೆ ಅಲ್ದಾ ಅಕ್ಕಾ" ಎಂದು ಅವನು ಹಲ್ಲು ಕಿರಿದ.

ಸೋಮಿ ಜಗಳವಾಡಿ ಅರ್ಧ ದಿಮ್ಮಿ ಬಿಡಿಸಿಕೊಂಡಳು. ಮಿಲ್ಲಿನಲ್ಲಿ ಸೀಳಿಸಿ, ಕೊಟ್ಟಿಗೆಯ ನೆರಳಲ್ಲಿ ಕಲ್ಲುಗಳ ಮೇಲೆ, ಹಲಗೆ ಹಲಗೆಯ ನಡುವೆ ಕೋಲಿಟ್ಟು ಪೇರಿಸಿದಳು. ಹಲಸು ಉಳಿಗೆ ಬಗ್ಗುವ ಮರ. ಮಂಚಕ್ಕೂ ಸೈ, ಮದ್ದಳೆಗೂ ಸೈ. ಒಳಗಿನ ಹಳದಿ ಚೇಗನ್ನು ಗೆದ್ದಲೂ ಮೂಸುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಮಾತ್ರ ಹುಳ ಬಿಡುವುದಿಲ್ಲ. ಆದರೆ ಮೈಯ ನೀರು ಆರುವ ತನಕ ಕಾಯಬೇಕು. ಇದು ಊರಿಗೆಲ್ಲ ಗೊತ್ತು, ಲೋಕೇಶನಿಗೂ ಗೊತ್ತು. ಗೊತ್ತಿದ್ದೂ ಅವನಿಗೆ ಗೃಹಪ್ರವೇಶದ ಅವಸರ. ಅಗಲ ಸಾಲದೆಂದು ಬಿಳಿಯನ್ನೂ ಸೇರಿಸಿ ಹಸಿ ಮರದಲ್ಲೇ ಬಾಗಿಲು ಮಾಡಿಸಿದ.

ಗೃಹಪ್ರವೇಶದ ದಿನ ಬಂದವರೆಲ್ಲ ಆ ಬಾಗಿಲನ್ನು ಮುಟ್ಟಿ ನೋಡಬೇಕಾಯಿತು. "ಹೆಂಗೆ ಹೊಳೀತದೆ ನೋಡಿ, ಅಪ್ಪಟ ಹಳದಿ" ಎಂದು ಲೋಕೇಶ ಎದೆಯುಬ್ಬಿಸಿ ನಿಂತಿದ್ದ.

"ಕಾಮಾಲೆ ಆದವ್ರೂ ಹಂಗೇ ಇರ್ತ್ರು" ಎಂದಳು ಸೋಮಿ, ಪಾಯಸ ಬಡಿಸಿಕೊಳ್ಳುತ್ತ.

ಬೇಸಿಗೆಗೆ ಬಾಗಿಲು ಸೊರಗಿತು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ. ಒಂದು ಮೂಲೆ ಸೆಟೆದುಕೊಂಡು ಚಿಲಕಕ್ಕೂ ತೂತಿಗೂ ಮುಖವೇ ಸೇರದು. ಬಿಳಿ ಭಾಗದಿಂದ ಹಿಟ್ಟು ಉದುರತೊಡಗಿತು. ಲೋಕೇಶ ಕದವನ್ನು ಬಲೆಯ ಹಗ್ಗದಿಂದ ಬಿಗಿದು ಕಟ್ಟಿದ. ಒಮ್ಮೆ ನಾಯಿ ನುಗ್ಗಿ ಹುರಿದ ಬಂಗುಡೆಯನ್ನೆಲ್ಲ ತಿಂದುಹೋಯಿತು. ನೆಂಟರು ಬಂದರೆ ಅವನು ಅವರನ್ನು ಹಿತ್ತಲಿನಿಂದ ಕರೆತರುವುದನ್ನು ಕಂಡು ಸೋಮಿಗೆ ಊಟ ಎರಡು ತುತ್ತು ಜಾಸ್ತಿಯೇ ಸೇರುತ್ತಿತ್ತು.

ಎರಡನೆಯ ಮಳೆಗಾಲ ಕಳೆದ ಮೇಲೆ ಅವನು ಕೊಟ್ಟಿಗೆಯ ಮುಂದೆ ಬಂದು ನಿಂತ. "ಅಕ್ಕಾ, ನಿನ್ನ ಹಲಗೆ..."

"ಎಂತಕ್ಕೆ? ಇದನ್ನೂ ಹಾಳು ಮಾಡೂಕಾ?"

ಚಿಲಕ ಬೀಳದ ಬಾಗಿಲಿಗೆ ರಾತ್ರಿಯೆಲ್ಲ ಅಡ್ಡವಾಗಿ ಮಲಗಿ ಬೆನ್ನು ಹಿಡಿಸಿಕೊಂಡ ಅವನ ಹೆಂಡತಿ ಉಮಾ ಸೋಮಿಯ ಕಣ್ಣ ಮುಂದೆ ಬಂದಳು. ಇವನ ಮುಖಕ್ಕೆ ಒಂದು ಚಕ್ಕೆಯನ್ನೂ ಕೊಡಬಾರದು. ಆದರೆ ಅವಳದೇನು ತಪ್ಪು?

"ಉಮಾಳಿಗೆ ಕೊಡ್ತೆ, ನಿಂಗಲ್ಲ. ಟೆಂಪೋ ತರಬೇಡ. ಹಗಲಲ್ಲೇ ತಲೆ ಮೇಲೆ ಹೊತ್ಕಂಡು ಹೋಗು."

ಹೊತ್ತ. ಸೋಮಿ ಹಿಂದೆಯೇ ನಡೆದಳು. ಚಾ ಅಂಗಡಿಯ ಮೋಹನ ಕೇಳಿದ: "ಎಲ್ಲಿದಾ ಲೋಕೇಶ ಇಷ್ಟು ಚಂದದ ಹಲಗೆ?"

"ಅಕ್ಕ ಕೊಟ್ಟದ್ದು."

"ಪೂರ್ತಿ ಹೇಳು" ಎಂದಳು ಸೋಮಿ.

ಲೋಕೇಶ ಬೆವರೊರೆಸಿಕೊಂಡ. "ಅಕ್ಕನ ಮರ. ನಾ ಕೇಳದೆ ಕಡಿದದ್ದು."

ದೀಪಾವಳಿಯ ಹೊತ್ತಿಗೆ ಆರಿ ಕಂದು ಬಣ್ಣಕ್ಕೆ ತಿರುಗಿದ ಹಲಗೆಯ ಹೊಸ ಬಾಗಿಲು ಕೂತಿತು. ಉಮಾ ಒಂದೇ ಕೈಯಲ್ಲಿ ಚಿಲಕ ಹಾಕಿ ತೋರಿಸಿದಳು. ತಮ್ಮನ ಮೇಲಿನ ತಾತ್ಸಾರ ಈಗಲಾದರೂ ಕರಗೀತೆಂದು ಸೋಮಿ ಸ್ವಲ್ಪ ಹೊತ್ತು ನಿಂತಳು. ಕರಗಲಿಲ್ಲ. ಉಮಾ ಕೊಟ್ಟ ಚಾ ಕುಡಿದು ಮನೆಗೆ ಹೋದಳು.